ಸಾವಧಾನಪ್ಪನಿಗೊಂದು ಹಲ್ಲಿನ ಸೆಟ್ಟು

ನನ್ನ ಹೆಂಡತಿಯ ಅಣ್ಣ ಹಲ್ಲು ಮಾಡುತ್ತಾರೆ. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಮೇಲಿನ ಮಹಡಿಯಲ್ಲಿದ್ದಾರೆ. ಅವರು ರೋಗಿಯ ಬಾಯಿಯ ಅಚ್ಚು ತೆಗೆದು ಕೆಳಗೆ ಕಳಿಸುತ್ತಾರೆ. ಭಾವ ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ದವಡೆಗೆ ಮೇಣ ಹಚ್ಚಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಕೊನೆಗೆ ಮೇಣ ಕರಗಿಸಿ ಅದರ ಜಾಗದಲ್ಲಿ ಗುಲಾಬಿ ಬಣ್ಣದ ವಸಡು ಕೂರಿಸಿ ಮೇಲಕ್ಕೆ ಕಳಿಸುತ್ತಾರೆ. ಊರಿನ ಅರ್ಧ ಹಿರಿಯರು ನಗುವುದು ಭಾವನ ಹಲ್ಲಿನಲ್ಲಿ. ನಗುವವರು ಯಾರೂ ಭಾವನ ಮುಖ ನೋಡಿದವರಲ್ಲ. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವರು ಬಾಯಿಬಿಟ್ಟು ನಕ್ಕರೆ ಭಾವ ಸ್ವಲ್ಪ ಮುಂದಕ್ಕೆ ಬಗ್ಗಿ ನೋಡಿ, “ನಮ್ಮದೇ” ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ಅವರ ಬದುಕಿನಲ್ಲಿ ಇಷ್ಟೇ ಕೀರ್ತಿ.

ಇಡೀ ಆಯುಸ್ಸನ್ನು ಇನ್ನೊಬ್ಬರ ಬಾಯಿಗೆ ಮುಡಿಪಿಟ್ಟ ಮನುಷ್ಯನಿಗೆ ಸ್ವಂತಕ್ಕೊಂದು ಹುಚ್ಚು ಬೇಡವೇ? ಭಾವನಿಗೆ ಹತ್ತಿದ್ದು ಜಾಝ್ ಹುಚ್ಚು. ಹಿಂದೆ ಮೇಲಿನ ಮಹಡಿಯಲ್ಲಿದ್ದ ಹಳೆಯ ಡಾಕ್ಟರು ಕ್ಲಿನಿಕ್ಕು ಮುಚ್ಚಿ ಹೋಗುವಾಗ ಒಂದು ಪೆಟ್ಟಿಗೆ ರೆಕಾರ್ಡನ್ನೂ ಅದನ್ನು ನುಡಿಸುವ ಪ್ಲೇಯರನ್ನೂ ಭಾವನಿಗೆ ಬಿಟ್ಟುಹೋದರು. ರೋಗಿಗಳು ಕಿರುಚುವುದು ಹೊರಗೆ ಕೂತವರಿಗೆ ಕೇಳದಿರಲಿ ಎಂದು ಆ ಪುಣ್ಯಾತ್ಮರು ಅದನ್ನು ಹಾಕುತ್ತಿದ್ದರಂತೆ. ಭಾವ ಒಂದು ದಿನ ಹಲ್ಲಿಗೆ ಪಾಲಿಶ್ ಹಾಕುತ್ತ ಬೇಸರವಾಗಿ ಒಂದು ತಟ್ಟೆ ಇಟ್ಟರು. ಮೊದಲನೇ ದಿನ ಪ್ಲೇಯರು ಕೆಟ್ಟಿದೆ ಎಂದುಕೊಂಡರಂತೆ. ಎರಡನೇ ದಿನ ನುಡಿಸಿದವರ ತಲೆ ಕೆಟ್ಟಿದೆ ಎಂದುಕೊಂಡರು. ಮೂರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವರು ದೀಪ ಹಾಕುವ ಮುಂಚೆ ಅದನ್ನೇ ಹಾಕಿದರು. ಅಲ್ಲಿಗೆ ಕೆಟ್ಟದ್ದು ಯಾರ ತಲೆ ಎಂಬುದು ತೀರ್ಮಾನವಾಯಿತು ಎನ್ನುತ್ತಾಳೆ ಅಕ್ಕ. ಅಕ್ಕ ಎಂದರೆ ಭಾವನ ಹೆಂಡತಿ. ಅಂಗಡಿಯ ಮುಂದಿನ ಮೇಜು ಅವಳದು.

ಪ್ಲೇಯರು ಆಗಲೇ ಮುದಿಯಾಗಿತ್ತು. ಅದರಲ್ಲಿ ಏನು ಮುರಿದರೂ ಭಾವ ಕೈಗೆ ಸಿಕ್ಕಿದ್ದರಲ್ಲಿ ರಿಪೇರಿ ಮಾಡುತ್ತಿದ್ದರು, ಮತ್ತು ಅವರ ಕೈಗೆ ಸಿಗುತ್ತಿದ್ದದ್ದು ವಸಡಿನ ಸಾಮಗ್ರಿ. ಮುಚ್ಚಳದ ಕೀಲು, ಮುಳ್ಳಿನ ಕೈ ಕೂರುವ ಕೊಕ್ಕೆ, ಒಂದು ಕಾಲು, ಒಂದೆರಡು ಗುಂಡಿ, ಎಲ್ಲವೂ ಗುಲಾಬಿ. ಇದಕ್ಕೆ ಮುಂದೆ ಎರಡು ಹಲ್ಲು ನೆಟ್ಟರೆ ಬಂದವರನ್ನು ಕಚ್ಚುತ್ತದೆ ಎಂದು ಅಕ್ಕ ನನ್ನನ್ನು ಮೊದಲೇ ಎಚ್ಚರಿಸಿದ್ದಳು.

ಹನ್ನೊಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಈ ಪ್ಲೇಯರಿನ ಸುತ್ತ ಸಭೆ. ಸಭೆ ಎಂದರೆ ನಾಲ್ಕು ಜನ: ಭಾವ, ನಿವೃತ್ತರಾದ ಭೂಗೋಳದ ಮೇಡಂ, ಬಸ್ ಡಿಪೋದ ಟೈಂಕೀಪರ್, ಮತ್ತು ನಾನು. ಮೇಡಂ ಬಳಿ ತೀರಿಕೊಂಡ ಅಣ್ಣನ ಸಂಗ್ರಹವಿತ್ತು. ಟೈಂಕೀಪರ್ ಹಳೆ ಸಾಮಾನಿನ ಅಂಗಡಿಗಳಲ್ಲಿ ಹೆಕ್ಕುತ್ತಿದ್ದರು. ನನ್ನ ಹತ್ತಿರ ಒಂದು ರೆಕಾರ್ಡೂ ಇರಲಿಲ್ಲವಾದ್ದರಿಂದ ಶನಿವಾರ ಭಾವನಿಂದಲೇ ಒಂದನ್ನು ಕಡ ತಂದು ಭಾನುವಾರ ಅವರಿಗೇ ಕೇಳಿಸುತ್ತಿದ್ದೆ. ಅವರು ಅದನ್ನು ಜನ್ಮದಲ್ಲಿ ಮೊದಲ ಸಲ ಕೇಳುವವರಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಂಥ ದೊಡ್ಡ ಮನಸ್ಸು.

ಸಭೆಗೆ ನಿಯಮಗಳಿದ್ದವು. ತಂದವರು ರೆಕಾರ್ಡಿನ ಕವರನ್ನು ಪೇಪರಿನಲ್ಲಿ ಸುತ್ತಿ ತರಬೇಕು, ಮುಗಿಯುವವರೆಗೆ ತುಟಿ ಬಿಚ್ಚಬಾರದು. ಮುಗಿದ ಮೇಲೆ ಕೇಳಿದವರು ಒಬ್ಬೊಬ್ಬರೂ ತಮಗೇನು ಕಂಡಿತು ಹೇಳಬೇಕು. ಆಮೇಲೆ ಪೇಪರು ಬಿಚ್ಚಿ ಯಾರು, ಏನು, ಯಾವಾಗ ಎಂಬುದು. ಹೆಸರು ನೋಡಿ ತಲೆದೂಗುವ ಚಾಳಿ ಬರಬಾರದು ಎಂದು ಭಾವ ಮಾಡಿದ ಏರ್ಪಾಡು ಇದು. ಮೇಡಂಗೆ ಯಾವಾಗಲೂ ಊರು ಕೇರಿ ಕಾಣುತ್ತಿತ್ತು: ಇದು ಪ್ರಸ್ಥಭೂಮಿ, ಇಲ್ಲಿ ಮಳೆ ಕಡಿಮೆ, ಡ್ರಮ್ಮಿನವನು ಮಾತ್ರ ಗುಡ್ಡ ಹತ್ತುತ್ತಿದ್ದಾನೆ, ಹೀಗೆ. ಟೈಂಕೀಪರ್ ಕೈಗಡಿಯಾರ ಹಿಡಿದು ಕೂತು, ಎಷ್ಟು ನಿಮಿಷ ಎಷ್ಟು ಸೆಕೆಂಡು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ತಡವಾಗಿ ಹೊರಟರೂ ಹೊತ್ತಿಗೆ ಸರಿಯಾಗಿ ಮುಟ್ಟಿದರು ಎಂದೋ, ಪಿಯಾನೋದವನು ನಡುವೆ ಎಲ್ಲೋ ಇಳಿದುಹೋದ ಎಂದೋ ವರದಿ ಕೊಡುತ್ತಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ. ನನ್ನ ಸರದಿ ಬಂದಾಗ “ಚೆನ್ನಾಗಿತ್ತು” ಎನ್ನುತ್ತಿದ್ದೆ. ಹನ್ನೊಂದು ವರ್ಷ ಅದೊಂದೇ ಹೇಳಿದ್ದರಿಂದ ನನ್ನ ಹೆಸರೇ ಅದಾಯಿತು. ಈಗಲೂ ಟೈಂಕೀಪರ್ ಫೋನ್ ಮಾಡಿದರೆ, “ಚೆನ್ನಾಗಿತ್ತು ಇದ್ದಾರಾ?” ಎಂದು ನನ್ನ ಹೆಂಡತಿಯನ್ನು ಕೇಳುತ್ತಾರೆ. ಒಂದು ಕಾಲದಲ್ಲಿ ಇತ್ತು ಎನ್ನುತ್ತಾಳೆ ಅವಳು.

ಅಡ್ಡಹೆಸರು ನನಗೊಬ್ಬನಿಗೇ ಅಲ್ಲ. ರೆಕಾರ್ಡಿನ ಮೇಲಿನ ದೂರದೇಶದ ಹೆಸರುಗಳು ನಮ್ಮ ನಾಲಿಗೆಯ ಮೇಲೆ ಕಾಲು ಜಾರಿ ಬೀಳುತ್ತಿದ್ದದ್ದರಿಂದ ವಾದ್ಯಗಾರರಿಗೆಲ್ಲ ನಾವೇ ನಾಮಕರಣ ಮಾಡಿದ್ದೆವು. ಏದುಸಿರು ಬಿಡುತ್ತ ತುತ್ತೂರಿ ಊದುವವನು ದಮ್ಮಪ್ಪ. ಪಿಯಾನೋದ ಮೇಲೆ ಒಂದು ಸುಕ್ಕೂ ಉಳಿಯದಂತೆ ಕೈಯಾಡಿಸುವವನು ಇಸ್ತ್ರಿ. ಹಾಡುವ ಬದಲು ಗೊಣಗುವ ಒಬ್ಬಾಕೆ ಇದ್ದಳು, ಆಕೆಗೆ ನಮ್ಮತ್ತೆ ಎಂದು ಹೆಸರಿಟ್ಟಿದ್ದು ಟೈಂಕೀಪರ್. ಆಕೆಯ ರೆಕಾರ್ಡು ಹಾಕಿದಾಗ ಅವರು ನೆಟ್ಟಗೆ ಕೂರುತ್ತಿದ್ದರು.

ಇವರೆಲ್ಲರ ಮೇಲಿನ ಗದ್ದುಗೆ ಸಾವಧಾನಪ್ಪನದು.

ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ದೊಡ್ಡ ತಟ್ಟೆಗಳು, ತಳದಲ್ಲಿ ಒಂದೇ ಒಂದು ಚಿಕ್ಕದು. ನಡುವೆ ಬರೀ ಬಿಳಿ ಕಾಗದ, ಅದರ ಮೇಲೆ ನಾಲ್ಕು ತಲೆಗಳ ಚಿತ್ರವಿದ್ದ ರಬ್ಬರ್ ಮೊಹರು, ಅದೂ ವಾರೆ. ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಅದನ್ನು ಹಾಕಿದರೆ ಮೊದಲು ಡ್ರಮ್ಮಿನ ಮೇಲೆ ಯಾರೋ ಸೋಮಾರಿಯಾಗಿ ಕಸ ಗುಡಿಸಿದಂಥ ಸದ್ದು. ಆಮೇಲೆ ಒಂದು ಉಸಿರು, ಉದ್ದನೆಯದು, ಬಾವಿಯೊಳಗಿಂದ ಬಂದಂಥದು. ಆಮೇಲೆ ದೊಡ್ಡ ಸ್ಯಾಕ್ಸೊಫೋನಿನ ದಪ್ಪ ದನಿ, ಎಲ್ಲಿಗೂ ಹೋಗುವ ತುರ್ತಿಲ್ಲದೆ, ಒಂದೊಂದು ಸ್ವರವನ್ನೂ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟು ಮುಂದೆ ಹೋಗುತ್ತಿತ್ತು. ಅದಕ್ಕೇ ಸಾವಧಾನಪ್ಪ. ಆ ಒಂದು ಉಸಿರಿನ ಬಗ್ಗೆಯೇ ಭಾವ ಅರ್ಧ ಗಂಟೆ ಮಾತಾಡಬಲ್ಲವರಾಗಿದ್ದರು. ಮೇಡಂ ಇದು ನದೀಮುಖಜ ಭೂಮಿ ಎಂದು ನಿರ್ಣಯ ಕೊಟ್ಟಿದ್ದರು: ಹೊಳೆ ಸಮುದ್ರಕ್ಕೆ ಬಂದು ಮುಟ್ಟಿದೆ, ಇನ್ನು ಓಡುವುದಕ್ಕೆ ಕಾರಣ ಉಳಿದಿಲ್ಲ. ಟೈಂಕೀಪರ್ ಬುಕ್ಕಿನಲ್ಲಿ ಆರು ನಿಮಿಷ ಐದು ಸೆಕೆಂಡು ಎಂದಿತ್ತು, ಕೆಳಗೆ ಎರಡು ಗೆರೆ ಎಳೆದಿತ್ತು. ನಾನೂ ಒಮ್ಮೆ “ತುಂಬಾ ಚೆನ್ನಾಗಿತ್ತು” ಎಂದುಬಿಟ್ಟು ಎಲ್ಲರನ್ನೂ ಬೆಚ್ಚಿಬೀಳಿಸಿದ್ದೆ.

ಭಾವನಿಗೆ ಇದ್ದದ್ದು ಒಂದೇ ಆಸೆ. ಈ ಮನುಷ್ಯ ಯಾರು, ಇದ್ದಾನೋ ಇಲ್ಲವೋ, ಇದ್ದರೆ ಅವನೆದುರು ಕೂತು ಅದೊಂದನ್ನು ಒಮ್ಮೆ ಕೇಳಬೇಕು. ಮನೆ ಕಟ್ಟಬೇಕು, ದೇಶ ನೋಡಬೇಕು ಎಂಬವೆಲ್ಲ ಅವರಿಗೆ ಬರಲೇ ಇಲ್ಲ.

ಒಂದು ಮಂಗಳವಾರ ಮೇಲಿನ ಡಾಕ್ಟರು ಒಬ್ಬ ಯಜಮಾನರನ್ನು ಕೆಳಗೆ ಕಳಿಸಿದರು. ಎಪ್ಪತ್ತಾರು ವಯಸ್ಸು, ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಮೇಲೆ ಒಂದೂ ಇಲ್ಲ, ಕೆಳಗೆ ಅಲ್ಲೊಂದು ಇಲ್ಲೊಂದು. ಜೊತೆಗೆ ಚೀಟಿ: ಮೇಲೆ ಪೂರ್ತಿ ಸೆಟ್ಟು, ಕೆಳಗೆ ಎಂಟು, ರೋಗಿ ಏನೋ ಊದುತ್ತಾರಂತೆ, ನೀವೇ ಮಾತಾಡಿ. ಏನು ಊದುತ್ತೀರಿ ಎಂದು ಭಾವ ಕೇಳಿದರು. ಸ್ಯಾಕ್ಸೊಫೋನು ಎಂದರು ಯಜಮಾನರು. ಹೋಟೆಲುಗಳ ಊಟದ ಹಾಲಿನಲ್ಲಿ ಮೂವತ್ತು ವರ್ಷ ನುಡಿಸಿದ್ದರಂತೆ. ಹಲ್ಲು ಹೋದ ಮೇಲೆ ಪೆಟ್ಟಿಗೆ ಮುಚ್ಚಿ ಆರು ವರ್ಷವಾಗಿತ್ತು. ಹಲ್ಲು ತಿನ್ನುವುದಕ್ಕಲ್ಲ ಸಾರ್, ಗಂಜಿಗೆ ಹಲ್ಲೇನೂ ಬೇಕಿಲ್ಲ, ಊದುವುದಕ್ಕೆ ಬೇಕು ಎಂದರಂತೆ.

ಭಾವನ ಎದೆ ಹೊಡೆದುಕೊಳ್ಳುವುದು ಮುಂದಿನ ಮೇಜಿನವರೆಗೆ ಕೇಳಿಸಿತು ಎಂದು ಅಕ್ಕ ಆಮೇಲೆ ನನಗೆ ಹೇಳಿದಳು. ಎಂದಾದರೂ ರೆಕಾರ್ಡ್ ಮಾಡಿದ್ದಿರಾ ಎಂದು ಭಾವ ಕೇಳಿದರು. ಒಮ್ಮೆ ಮಾಡಿದ್ದೆವು, ನಾಲ್ಕು ಜನ ಗೆಳೆಯರು ಸೇರಿ, ಇನ್ನೂರು ತಟ್ಟೆ, ಹಂಚಿಯೇ ಖರ್ಚಾದವು, ನನ್ನ ಹತ್ತಿರವೇ ಒಂದೂ ಉಳಿಯಲಿಲ್ಲ ಎಂದರು ಯಜಮಾನರು. ಭಾವ ಎದ್ದು ಒಳಗೆ ಹೋಗಿ, ಬಂದು, ಅವರ ತೊಡೆಯ ಮೇಲೆ ಚಿಕ್ಕ ತಟ್ಟೆ ಇಟ್ಟರು.

ಯಜಮಾನರು ಮೊಹರಿನ ಮೇಲೆ ಬೆರಳಾಡಿಸಿದರು. “ಇದು ನಾನೇ ಒತ್ತಿದ್ದು. ನಾನು ಒತ್ತಿದ್ದು ಮಾತ್ರ ವಾರೆ ಆಗ್ತಿತ್ತು. ಡ್ರಮ್ಮಿನೋನು ಬೈತಾ ಇದ್ದ.”

ಅಲ್ಲೇ ಹಾಕಿ ಕೇಳಿಸಬಹುದಿತ್ತು. ಇನ್ನೊಬ್ಬರಾಗಿದ್ದರೆ ಹಾಗೇ ಮಾಡುತ್ತಿದ್ದರು. ಆದರೆ ಭಾವನಿಗೆ ಸಭೆಯ ಶಿಸ್ತು ದೊಡ್ಡದು, ನಾವು ಮೂವರಿಲ್ಲದೆ ಕೇಳಿದರೆ ಮೋಸ ಮಾಡಿದಂತೆ. ಭಾನುವಾರ ಹತ್ತಕ್ಕೆ ಬನ್ನಿ ಎಂದರು. ನನಗೆ ಆಫೀಸಿಗೆ ಫೋನು ಬಂತು. ಭಾವ ಮಾತಾಡಲಾರದೆ ಫೋನನ್ನು ಅಕ್ಕನ ಕೈಗೆ ಕೊಟ್ಟರು. “ನಿಮ್ಮ ಸಾವಧಾನಪ್ಪ ಸಿಕ್ಕಿದಾರೆ, ಬೊಚ್ಚುಬಾಯಿ,” ಎಂದು ಅಕ್ಕ ಫೋನಿಟ್ಟಳು.

ಆ ವಾರ ಭಾವ ಮಾಡಿದ ಹಲ್ಲಿನ ಕೆಲಸ ನೋಡಬೇಕಿತ್ತು. ಸ್ಯಾಕ್ಸೊಫೋನಿನ ಬಾಯಿತುದಿ ಮೇಲಿನ ಮುಂದಿನ ಹಲ್ಲಿನ ಮೇಲೆ ಕೂರುತ್ತದಂತೆ. ಕಟ್ಟಿಸಿದ ಹಲ್ಲಾದರೆ ಹಿಂದುಗಡೆ ಕಿತ್ತು ಬರುತ್ತದೆ, ಗಾಳಿ ಸೋರುತ್ತದೆ. ಅದಕ್ಕಾಗಿ ಭಾವ ಮುಂದಿನ ಹಲ್ಲುಗಳ ಅಂಚನ್ನು ಚಪ್ಪಟೆ ಮಾಡಿ, ಅಂಗುಳಿನ ತಟ್ಟೆಯನ್ನು ಹಿಂದಕ್ಕೆ ಎಳೆದು, ಯಜಮಾನರಿಂದ ಬಾಯಿತುದಿಯನ್ನೇ ಕಡ ತಂದು ಪ್ಲಾಸ್ಟರ್ ದವಡೆಗೆ ಕಚ್ಚಿಸಿ ಅಳತೆ ನೋಡಿದರು. ಶುಕ್ರವಾರ ನಾನು ಹೋದಾಗ ಮೇಜಿನ ಮೇಲೆ ದೇಹವಿಲ್ಲದ ಒಂದು ದವಡೆ ಸ್ಯಾಕ್ಸೊಫೋನಿನ ತುದಿ ಕಚ್ಚಿಕೊಂಡು ಕೂತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ಹೆಂಗಸು ಅದನ್ನು ನೋಡಿ ತನ್ನ ಸೆಟ್ಟು ಮುಂದಿನ ತಿಂಗಳು ಮಾಡಿಸಿಕೊಳ್ಳುತ್ತೇನೆ ಎಂದು ಎದ್ದು ಹೋದರು.

ಭಾನುವಾರ ಮೇಡಂ ಒಳ್ಳೆಯ ಸೀರೆ ಉಟ್ಟು ಬಂದರು. ಟೈಂಕೀಪರ್ ಡಿಪೋದ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿಕೊಂಡು ಬಂದರು. ಯಜಮಾನರಿಗೆ ನಡುವಿನ ಕುರ್ಚಿ. ಭಾವ ಪೇಪರು ಬಿಚ್ಚದೆಯೇ ತಟ್ಟೆಯನ್ನು ಹೊರಗೆಳೆದು, ಅದು ಯಾವುದು ಎಂದು ಇಡೀ ಕೋಣೆಗೆ ಗೊತ್ತಿದ್ದರೂ, ನಿಯಮದ ಪ್ರಕಾರ ಬೆನ್ನು ತಿರುಗಿಸಿ ತಟ್ಟೆ ಹಾಕಿದರು. ಕಸ ಗುಡಿಸುವ ಸದ್ದು. ಉಸಿರು. ಸಾವಧಾನಪ್ಪ ಶುರು ಮಾಡಿದ. ನಾವು ಪ್ಲೇಯರಿನ ಕಡೆ ನೋಡಲಿಲ್ಲ, ಯಜಮಾನರ ಮುಖವನ್ನೇ ನೋಡಿದೆವು. ಅವರು ತಲೆ ಒಂದು ಕಡೆ ವಾಲಿಸಿ, ಬೊಚ್ಚುಬಾಯಿ ಸ್ವಲ್ಪ ತೆರೆದು, ಬಹಳ ಗೌರವದಿಂದ ಕೇಳಿದರು. ಮುಳ್ಳು ಮೇಲೆದ್ದಿತು.

ಅತಿಥಿಗಳೇ ಮೊದಲು ಹೇಳಲಿ ಎಂದರು ಭಾವ.

“ಚೆನ್ನಾಗಿದೆ,” ಎಂದರು ಯಜಮಾನರು. “ಯಾರಿದು?”

ನಾವೆಲ್ಲ ನಕ್ಕೆವು. ದೊಡ್ಡವರ ತಮಾಷೆಗೆ ನಗಬೇಕಲ್ಲ.

“ತಮಾಷೆಗೆ ಕೇಳಿದ್ದಲ್ಲ. ದೊಡ್ಡ ಸ್ಯಾಕ್ಸು, ಒಳ್ಳೆ ಕೈ. ಇಷ್ಟು ತಾಳ್ಮೆ ಇರೋ ಮನುಷ್ಯ ನಮ್ಮ ಕಾಲದಲ್ಲಿ ಯಾರೂ ಇರಲಿಲ್ಲಪ್ಪ. ಇರ್ಲಿ, ನಂದು ಯಾವಾಗ ಹಾಕ್ತೀರಿ?”

ಕೋಣೆಯಲ್ಲಿ ಪಾಲಿಶ್ ಯಂತ್ರದ ಪಕ್ಕ ಒಂದು ನೊಣ ಇತ್ತು. ಅದು ಹಾರುವುದನ್ನು ನಿಲ್ಲಿಸಿತು.

“ಇದೇ ನಿಮ್ದು,” ಎಂದರು ಭಾವ.

ಯಜಮಾನರು ಎದ್ದು ಹೋಗಿ ಮೊಹರು ನೋಡಿದರು. ಹೌದು, ತಮ್ಮದೇ ವಾರೆ. ಆಮೇಲೆ ಇನ್ನೂ ಸುತ್ತುತ್ತಿದ್ದ ತಟ್ಟೆಯನ್ನು ನೋಡುತ್ತ, ತಾವು ನುಡಿಸುತ್ತಿದ್ದದ್ದು ಚಿಕ್ಕ ಸ್ಯಾಕ್ಸು, ದೊಡ್ಡದನ್ನು ಕೈಯಲ್ಲಿ ಹಿಡಿದದ್ದೂ ಇಲ್ಲ ಎಂದು ಹೇಳಿ, ಕೊನೆಗೆ ಬಹಳ ಮೃದುವಾಗಿ ಕೇಳಿದರು: “ಸಾರ್, ಇದು ಇಷ್ಟು ನಿಧಾನ ಯಾಕೆ ತಿರುಗ್ತಾ ಇದೆ?”

ದೊಡ್ಡ ತಟ್ಟೆ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗಬೇಕು, ಇಂಥ ಚಿಕ್ಕ ತಟ್ಟೆ ನಲವತ್ತೈದು. ನಿಧಾನ ತಿರುಗಿಸಿದರೆ ಹಾಡೂ ಎಳೆಯುತ್ತದೆ, ದನಿಯೂ ದಪ್ಪಗಾಗುತ್ತದೆ. ಇದು ಜಾಝ್ ಕೇಳುವ ಎಳೆ ಮಕ್ಕಳಿಗೂ ಗೊತ್ತಿರುವ ಸಂಗತಿ, ನಮಗೂ ಗೊತ್ತಿತ್ತು. ಆದರೆ ವೇಗ ಬದಲಿಸುವ ಗುಂಡಿ ಹಿಂದೊಮ್ಮೆ ಸಡಿಲವಾಗಿ ಹಾಡಿನ ಮಧ್ಯೆ ತಾನೇ ಜಾರತೊಡಗಿದಾಗ ಭಾವ ಅದನ್ನು ಮೂವತ್ತಮೂರಕ್ಕೆ ನಿಲ್ಲಿಸಿ ಮೇಲೆ ವಸಡು ಸುರಿದು ಗಟ್ಟಿ ಮಾಡಿದ್ದರು. ಇದೊಂದು ಬಿಟ್ಟು ನಾವು ಕೇಳುತ್ತಿದ್ದವೆಲ್ಲ ದೊಡ್ಡ ತಟ್ಟೆಗಳಾಗಿ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಗುಂಡಿ ಇತ್ತೆಂಬುದೇ ನಮಗೆ ಮರೆತುಹೋಗಿತ್ತು. ಹನ್ನೊಂದು ವರ್ಷ ಸೆಕೆಂಡು ಎಣಿಸಿದ ಟೈಂಕೀಪರ್ ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿ ಅದರ ಮೇಲೆ ಕೂತರು.

“ಅದಕ್ಕೆ ವಸಡು ಕಟ್ಟಿದ್ದು ಯಾರು ಅಂತ ಕೇಳಿ ಅವರನ್ನ,” ಎಂದಳು ಅಕ್ಕ ಮುಂದಿನ ಮೇಜಿನಿಂದ.

ಭಾವ ಹಲ್ಲು ಸವೆಸುವ ಸಣ್ಣ ಯಂತ್ರ ತಂದರು. ನಾನು ಟಾರ್ಚು ಹಿಡಿದೆ. ಗುಲಾಬಿ ಪುಡಿ ಹಾರಿ ಮೇಡಂ ಸೀರೆಯ ಮೇಲೆಲ್ಲ ಕೂತಿತು. ಗುಂಡಿ ಹೊರಗೆ ಬಂತು, ನಲವತ್ತೈದರ ಕಡೆ ತಿರುಗಿತು.

ಈಗ ಕಸ ಗುಡಿಸುವವನು ಎಚ್ಚರಗೊಂಡಿದ್ದ. ಆ ಮಹಾ ಉಸಿರು, ಬಾವಿಯೊಳಗಿನ ಉಸಿರು, ಬಸ್ಸಿಗೆ ಓಡುವವನ ಏದುಸಿರಿನ ಹಾಗೆ ಚಕ್ಕನೆ ಬಂದು ಹೋಯಿತು. ಚಿಕ್ಕ ಸ್ಯಾಕ್ಸು ಕಿಲಕಿಲ ಎಂದು ಮೆಟ್ಟಿಲು ಇಳಿಯಿತು. ಒಳ್ಳೆಯ ಕುಣಿತದ ಹಾಡು. ಹೋಟೆಲಿನಲ್ಲಿ ಊಟ ಮಾಡುವವರು ಚಮಚ ಕೆಳಗಿಡದೆ ಕಾಲು ಕುಣಿಸಬಹುದಾದ ಹಾಡು. ಯಜಮಾನರ ಕಾಲು ಕುಣಿಯುತ್ತಿತ್ತು. “ಹಾಂ, ಇವನು ನಾನು,” ಎಂದರು ನಿಯಮ ಮುರಿದು. ರೆಕಾರ್ಡ್ ಮಾಡಿದ ದಿನ ಊಟದ ಹಾಲಿನ ಮೇಸ್ತ್ರಿ ಬೀಗದಕೈ ಹಿಡಿದು ಬಾಗಿಲಲ್ಲೇ ನಿಂತಿದ್ದನಂತೆ, ಅದಕ್ಕೇ ನಾಲ್ಕೂ ಜನ ಓಡಿದ್ದೇ ಓಡಿದ್ದು. ನಾಲ್ಕೂವರೆ ನಿಮಿಷದಲ್ಲಿ ಮುಗಿಯಿತು.

ಸರದಿಯ ಪ್ರಕಾರ ಹೇಳಬೇಕಲ್ಲ. ಮೇಡಂ ಬಹಳ ಹೊತ್ತು ಸೀರೆ ಕೊಡವಿಕೊಂಡರು. ಇಷ್ಟು ವರ್ಷ ಮಕ್ಕಳಿಗೆ ತಪ್ಪು ನಕ್ಷೆ ಹೇಳಿಕೊಟ್ಟಂತಾಯಿತು, ಇಲ್ಲಿ ಸಮುದ್ರ ಎಲ್ಲಿದೆ, ಇದು ಸಂತೆ ಬೀದಿ ಎಂದರು. ಟೈಂಕೀಪರ್ ಇಲಾಖೆಯ ತನಿಖೆ ಆಗದೆ ಏನೂ ಹೇಳಲಾರೆ ಎಂದರು. ಭಾವನ ಸರದಿ ಬಂತು. ಒಂದು ಉಸಿರಿನ ಮೇಲೆ ಅರ್ಧ ಗಂಟೆ ಮಾತಾಡುವ ಮನುಷ್ಯ ಯಜಮಾನರನ್ನು ನೋಡಿ, ನಕ್ಕು, “ಚೆನ್ನಾಗಿತ್ತು,” ಎಂದರು.

ಆ ಮಾತಿನ ಹಕ್ಕುದಾರ ನಾನು. ಅದರೊಳಗೆ ಎಷ್ಟು ಖಾಲಿ ಇರುತ್ತದೆ ಎಂದು ಕೋಣೆಯಲ್ಲಿ ನನ್ನಷ್ಟು ಗೊತ್ತಿದ್ದವರಿಲ್ಲ.

ಯಜಮಾನರಿಗೆ ಇದು ಯಾವುದೂ ತಿಳಿಯಲಿಲ್ಲ. ನಲವತ್ತು ವರ್ಷದ ಮೇಲೆ ತಮ್ಮ ದನಿ ತಾವು ಕೇಳಿದ ಸಂತೋಷ ಅವರದು. ಹೋಗುವಾಗ ಭಾವನ ಎರಡೂ ಕೈ ಹಿಡಿದುಕೊಂಡರು. “ಗುರುವಾರ ಹಲ್ಲು ಸಿಗುತ್ತಲ್ಲ ಸಾರ್? ಮೊದಲು ಇದನ್ನೇ ನುಡಿಸ್ತೀನಿ ನಿಮಗೆ. ಇದೇ ಸ್ಪೀಡಲ್ಲಿ.”

ಸೋಮವಾರ ಅಕ್ಕನಿಂದ ಫೋನು. ಪ್ಲೇಯರಿಗೆ ಬಟ್ಟೆ ಮುಚ್ಚಿದ್ದಾರೆ, ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಾರೆ, ನನಗೆ ಭಯವಾಗುತ್ತದೆ, ಇಷ್ಟು ವರ್ಷ ಇದನ್ನು ನಿಲ್ಲಿಸಿ ಎಂದವಳು ನಾನೇ ಈಗ ಹಾಕಿ ಎನ್ನುವುದು ಹೇಗೆ, ಬಂದು ಏನಾದರೂ ಮಾತಾಡಿ ಎಂದಳು. ಸಂಜೆ ಹೋದೆ. ಭಾವ ಯಜಮಾನರ ಮೇಲಿನ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ನನ್ನ ಮಟ್ಟದ ಸಮಾಧಾನ ಹೇಳಿದೆ: ಗುಂಡಿಯನ್ನು ಮತ್ತೆ ಹಿಂದಕ್ಕೆ ತಿರುಗಿಸಿದರೆ ಸಾವಧಾನಪ್ಪ ಬಂದೇ ಬರುತ್ತಾನಲ್ಲ, ಎಲ್ಲಿ ಹೋದ?

“ತಿರುಗಿಸಿ ನೋಡಿದೆ,” ಎಂದರು ಭಾವ. “ಗೊತ್ತಾದ ಮೇಲೆ ಆಗಲ್ಲ. ಪಾಪ ಯಜಮಾನ್ರ ಕಾಲು ಕಟ್ಟಿ ನಡೆಸ್ತಾ ಇದ್ದೀನಿ ಅನ್ಸುತ್ತೆ.” ಸೆಟ್ಟನ್ನು ತಿರುಗಿಸಿ ಹಿಂಭಾಗ ನೋಡಿದರು. “ಹನ್ನೊಂದು ವರ್ಷ ಒಬ್ಬ ಮನುಷ್ಯನ್ನ ಕೇಳಿದೆ. ಅವನು ಹುಟ್ಟೇ ಇಲ್ಲ ಅಂತ ಭಾನುವಾರ ಗೊತ್ತಾಯ್ತು. ಅಳೋಣ ಅಂದ್ರೆ ಸತ್ತೂ ಇಲ್ಲ.”

ಹಾಗಾದರೆ ಗುರುವಾರ ಏನು ಮಾಡುತ್ತೀರಿ ಎಂದೆ. ಹಲ್ಲು ಕೊಡುತ್ತೇನೆ, ಅವರು ನುಡಿಸುತ್ತಾರೆ, ಕೇಳುತ್ತೇನೆ, ಸಂತೋಷಪಡದಿದ್ದರೆ ಅದು ನನ್ನ ತಪ್ಪು, ಅವರ ತಪ್ಪೇನಿದೆ ಎಂದರು. ಅಂಗುಳಿನ ಅಂಚನ್ನು ಇನ್ನೊಂದು ಸುತ್ತು ಉಜ್ಜತೊಡಗಿದರು. ಹೊರಗೆ ಬಂದಾಗ ಅಕ್ಕ ಹೇಳಿದಳು: “ಬೇಜಾರಾದ್ರೆ ಬೇರೆ ಗಂಡಸರು ತಟ್ಟೆ ಎಸೀತಾರೆ. ಇವರು ಪಾಲಿಶ್ ಹಾಕ್ತಾರೆ. ಆ ಹಲ್ಲಲ್ಲಿ ಮುಖ ನೋಡ್ಕೋಬಹುದು ಈಗ.”

ಗುರುವಾರ ನಮ್ಮನ್ನು ಯಾರೂ ಕರೆದಿರಲಿಲ್ಲ. ನಾಲ್ಕು ಗಂಟೆಗೆ ಮೇಡಂ ಬಂಡೆಯಂತೆ ಗಟ್ಟಿಯಿದ್ದ ತಮ್ಮ ದವಡೆ ಹಲ್ಲೊಂದನ್ನು ತೋರಿಸಲು ಬಂದರು. ಟೈಂಕೀಪರ್ ಎದುರಿನ ನಿಲ್ದಾಣದಲ್ಲಿ ಬಸ್ಸುಗಳನ್ನು ಪರೀಕ್ಷಿಸುತ್ತ ಸೆಕೆಗೆ ಒಳಗೆ ಬಂದರು. ನಾನು ಆಫೀಸಿನಲ್ಲಿ ಹಲ್ಲುನೋವೆಂದು ಅರ್ಧ ದಿನ ರಜೆ ಹಾಕಿದ್ದೆ. ಸುಳ್ಳಾದರೂ ವಿಷಯಕ್ಕೆ ಸಂಬಂಧಪಟ್ಟದ್ದು. ಅಕ್ಕ ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿ ಒಳಗಿನ ಬೆಂಚು ತೋರಿಸಿದಳು.

ಯಜಮಾನರು ಹಲ್ಲು ಹಾಕಿಕೊಂಡರು. ಕನ್ನಡಿಯಲ್ಲಿ ನೋಡಿಕೊಳ್ಳಲೂ ಇಲ್ಲ, ಸೀದಾ ಪೆಟ್ಟಿಗೆ ತೆಗೆದು ಸ್ಯಾಕ್ಸು ಜೋಡಿಸಿ ಬಾಯಿಗಿಟ್ಟರು. ಬರೀ ಗಾಳಿ ಬಂತು. ಇನ್ನೊಮ್ಮೆ. ಬಾತುಕೋಳಿ ಕೂಗಿದಂತಾಯಿತು. ಮೂರನೇ ಸಲಕ್ಕೆ ಸ್ವರ ಹುಟ್ಟಿತು, ಭಾವನ ಹುಬ್ಬು ಒಂದು ನೂಲಿನಷ್ಟು ಮೇಲೆ ಹೋಯಿತು. ಹಲ್ಲು ನಿಂತಿತ್ತು. ಯಜಮಾನರು ಕಾಲಿನಲ್ಲಿ ತಾಳ ಹಾಕಿ, ಓಟದ ತಾಳ, ಹಾಡು ಹಿಡಿದರು. ಎರಡು ಸಾಲು ಓಡಿ ಮೂರನೆಯದರಲ್ಲಿ ಉಸಿರು ಮುಗಿಯಿತು. ಕ್ಷಮಿಸಿ ಎಂದರು. ಮತ್ತೆ ಹಿಡಿದರು. ಈ ಸಲ ಒಂದೂವರೆ ಸಾಲು. ಬೆರಳುಗಳಿಗೆ ದಾರಿ ಗೊತ್ತಿತ್ತು, ಹೊರಡುತ್ತಲೂ ಇದ್ದವು, ಎದೆಗೂಡು ಹಿಂದೆ ಉಳಿಯುತ್ತಿತ್ತು. ಆರು ವರ್ಷದ ತುಕ್ಕು ಎಂದರು, ಹಣೆ ಒರೆಸಿಕೊಂಡರು. ಮೇಡಂ ನೆಲ ನೋಡುತ್ತಿದ್ದರು. ಭಾವ ನೀರು ತಂದುಕೊಟ್ಟು, ಇವತ್ತಿಗೆ ಸಾಕು ಬಿಡಿ, ಅಭ್ಯಾಸವಾಗಲಿ ಎಂದು ಹೇಳಿದರು. ಆ ಮಾತಿನಲ್ಲಿ ಅವರಿಗೂ ಸ್ವಲ್ಪ ಬಿಡುಗಡೆ ಇತ್ತು ಎಂದು ನನಗೆ ಅನುಮಾನ.

ಯಜಮಾನರು ಕೇಳಲಿಲ್ಲ. ಹೇಳಿದ ಮಾತು ಹೇಳಿದ್ದೇ. ಕುರ್ಚಿಯ ತುದಿಗೆ ಸರಿದು, ಕಾಲಿನ ತಾಳ ನಿಲ್ಲಿಸಿ, ಉದ್ದಕ್ಕೆ, ಸಾಕಾಗುವಷ್ಟು ಉಸಿರು ಎಳೆದುಕೊಂಡರು. ಆ ಉಸಿರಿಗೆ ಎಷ್ಟು ಸ್ವರ ಸಿಗುತ್ತದೋ ಅಷ್ಟನ್ನೇ ನುಡಿಸಿದರು. ನಿಲ್ಲಿಸಿದರು. ಮತ್ತೆ ಉಸಿರು. ಮತ್ತೆ ನಾಲ್ಕು ಸ್ವರ. ಚಿಕ್ಕ ಸ್ಯಾಕ್ಸೇ, ದನಿ ತೆಳುವೇ, ನಡುನಡುವೆ ಎಡಗಡೆಯಿಂದ ಗಾಳಿ ಸೀಟಿ ಹೊಡೆಯುತ್ತಿತ್ತು. ರೆಕಾರ್ಡಿನಲ್ಲಿ ಇದ್ದದ್ದು ಇದಲ್ಲ, ಎರಡೂ ವೇಗದ್ದಲ್ಲ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಆ ಮನುಷ್ಯ ಕಾಯುತ್ತಿದ್ದರು, ಬೇರೆ ದಾರಿಯಿಲ್ಲದೆ ಕಾಯುತ್ತಿದ್ದರು, ಕಾದದ್ದಕ್ಕೆ ಆ ಸ್ವರ ಬರುತ್ತಿತ್ತು. ನಾನು ಪ್ರತಿ ಭಾನುವಾರ ಕಣ್ಣು ಮುಚ್ಚಿ ನಟಿಸುವವನು ಅಂದು ಮುಚ್ಚಲು ಮರೆತೆ. ಟೈಂಕೀಪರ್ ಗಡಿಯಾರ ನೋಡಲಿಲ್ಲ.

ಅರ್ಧಕ್ಕೆ ಯಜಮಾನರು ಸ್ಯಾಕ್ಸನ್ನು ಕೆಳಗಿಳಿಸಿದರು. ಮುಖ ಸಣ್ಣಗಾಗಿತ್ತು.

“ಇಷ್ಟೇ ಆಗೋದು ಸಾರ್. ಆವತ್ತಿನ ಸ್ಪೀಡು ಬರಲ್ಲ ಇನ್ನು. ನಿಮಗೆ ಮಾತು ಕೊಟ್ಟಿದ್ದೆ.”

ಭಾವ ಕನ್ನಡಕ ತೆಗೆದು ಒರೆಸಿದರು, ಅದು ಚೊಕ್ಕಟವಾಗೇ ಇತ್ತು. ಏನಾದರೂ ಹೇಳಿ ಎಂದು ನಾನು ಮನಸ್ಸಿನಲ್ಲೇ ತಳ್ಳುತ್ತಿದ್ದೆ. ಅರ್ಧ ಗಂಟೆಯ ಭಾಷಣದಲ್ಲಿ ಒಂದು ಸಾಲಾದರೂ ಬರಲಿ. ಕೊನೆಗೆ ಅವರು ಯಜಮಾನರ ಎದುರು ಸ್ಟೂಲು ಎಳೆದುಕೊಂಡು ಕೂತು ಕೈ ಚಾಚಿದರು.

“ಮೇಲೆ ಎಡಗಡೆ ಏಳ್ತಾ ಇದೆ, ಅಲ್ವಾ? ತೆಗೀರಿ ಅದನ್ನ.”

ಯಜಮಾನರು ಹಲ್ಲು ತೆಗೆದುಕೊಟ್ಟರು. ಭಾವ ನಮ್ಮ ಕಡೆ ಬೆನ್ನು ಹಾಕಿ ಯಂತ್ರ ಹಚ್ಚಿದರು. ಒಂದು ಕೂದಲೆಳೆಯಷ್ಟು ಉಜ್ಜುವ ಕೆಲಸಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ಅದು ಓಡಿತು. ತೊಳೆದು ತಂದುಕೊಟ್ಟಾಗ ಅವರ ದನಿ ಸರಿಯಾಗಿತ್ತು.

“ಈಗ ಗಾಳಿ ಸೋರಲ್ಲ. ಎಲ್ಲಿ ಬಿಟ್ರೋ ಅಲ್ಲಿಂದ ಹಿಡೀರಿ. ಹೀಗೇ, ಇದೇ ಸ್ಪೀಡಲ್ಲಿ. ಇದೇ ಬೇಕಾಗಿದ್ದು ನನಗೆ.”

ಉಪಚಾರದ ಮಾತೇ ಎಂದು ಯಜಮಾನರು ಭಾವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹಲ್ಲು ಕೂರಿಸಿಕೊಂಡರು. ನಾಲಿಗೆಯಿಂದ ಎಡಗಡೆ ಒತ್ತಿ ನೋಡಿ ತಲೆಯಾಡಿಸಿ ಸ್ಯಾಕ್ಸನ್ನು ಎತ್ತಿಕೊಂಡರು. ಅಷ್ಟರಲ್ಲಿ ಹೊರಗೆ ಯಾರೋ ಮುರಿದ ಸೆಟ್ಟನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅವಸರದಿಂದ ಬಂದ ಸದ್ದಾಯಿತು. ಅಕ್ಕ ಅವರಿಗೆ ಕುರ್ಚಿ ತೋರಿಸಿ, ಕೂತ್ಕೊಳ್ಳಿ, ಒಳಗೆ ಒಂದು ಫಿಟಿಂಗ್ ನಡೀತಾ ಇದೆ, ಸ್ವಲ್ಪ ಹೊತ್ತಾಗುತ್ತದೆ ಎಂದು ಹೇಳಿ, ನಮ್ಮ ಕೋಣೆಯ ಬಾಗಿಲನ್ನು ಎಳೆದುಕೊಂಡಳು. ಪೂರ್ತಿ ಮುಚ್ಚಲಿಲ್ಲ, ತನಗೆ ಕೇಳಿಸುವಷ್ಟು ಬಿಟ್ಟಳು.